ಮ್ಯಾಗಿ ಸುಟ್ಟ ವರ್ಷ

2015ರ ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಬಿಳಿಗೆರೆ. ಆ ಕಡೆ ನಂಜನಗೂಡು, ಈ ಕಡೆ ತಿ. ನರಸೀಪುರ, ನಡುವೆ ನಾವು. ಬೆಂಗಳೂರಲ್ಲಿ ಯಾರಾದರೂ ಕೇಳಿದರೆ "ಸುತ್ತೂರು ಗೊತ್ತಲ್ಲ, ಅದರ ಹತ್ತಿರ" ಅಂತ ಹೇಳಿ ಮುಗಿಸ್ತೀನಿ. ಸಂಜೆ ಬೀಡಿ-ಬಿಸ್ಕತ್ತಿನ ಅಂಗಡಿ ಮುಂದೆ ನಿಂತಿದ್ದಾಗ ಒಬ್ಬ ಹುಡುಗ ಬಂದು ಮ್ಯಾಗಿ ಕೇಳಿದ. ಅಂಗಡಿಯವರು ಇಲ್ಲ ಅಂದರು. ಹುಡುಗ ಬೇರೆ ಏನೂ ತಗೊಳ್ಳದೆ ಹೊರಟುಹೋದ.

"ಇನ್ನೂ ಕೇಳ್ತಾರಾ ಅಣ್ಣ? ಬಂದ್ ಆಗಿ ಮೂರು ತಿಂಗಳಾಯ್ತಲ್ಲ" ಅಂದೆ.

"ಕೇಳ್ದೆ ಇರೋ ದಿನ ಇಲ್ಲ ಕನಪ್ಪ. ಅದೇನೋ ಸೀಸ ಅದೆ ಅಂತ ಟಿವೀಲಿ ಬಡ್ಕೊಂಡ್ರು, ಐಕ ಕೇಳ್ಬೇಕಲ್ಲ. ಬೇರೆದ ಕೊಟ್ರೆ ಕಾಸ ವಾಪಸ್ ಇಸ್ಕೊಂಡು ಓಯ್ತವೆ."

ನನ್ನ ಜೀವನದಲ್ಲಿ ಒಬ್ಬರು ನನಗೆ ಕೊಟ್ಟ ಅತ್ಯಂತ ಬೆಲೆಬಾಳುವ ಷೇರು ಮಾಹಿತಿ ಅದು. ಪುಕ್ಕಟೆ ಸಿಕ್ಕಿತ್ತು. ಹತ್ತು ರೂಪಾಯಿ ಕಡ್ಲೆಬೀಜ ತಗೊಂಡು ಮನೆಗೆ ಹೋದೆ.

ಆಗ ನನಗೆ ಕೆಲಸ ಸಿಕ್ಕಿ ಎರಡು ವರ್ಷ. ಬಿ.ಇ. ಮುಗಿಸಿದ ಎಲ್ಲರ ಹಾಗೆ ಡಿಮ್ಯಾಟ್ ಖಾತೆ ತೆರೆದು, ಎರಡು ಪುಸ್ತಕ ಓದಿ, ಆಫೀಸ್ ಕ್ಯಾಂಟೀನಲ್ಲಿ ಜ್ಞಾನ ಹಂಚ್ತಿದ್ದೆ. ಖಾತೆಯಲ್ಲಿ ಎರಡು ಲಕ್ಷ ಇತ್ತು. 1.2 ಲಕ್ಷ ನಂದು, 80 ಸಾವಿರ ಅಪ್ಪ ಭತ್ತ ಮಾರಿ ಕೊಟ್ಟಿದ್ದು. ತಂಗಿ ಮದುವೆಗೆ ಅಂತ ಎತ್ತಿಟ್ಟ ದುಡ್ಡು. ಎರಡು-ಮೂರು ವರ್ಷ ಇದೆ, ಬ್ಯಾಂಕಲ್ಲಿ ಕೊಳೆಯೋದು ಯಾಕೆ, ಒಳ್ಳೆ ಕಂಪನಿ ಷೇರನ್ನ ಅಗ್ಗದಲ್ಲಿ ಹಿಡೀಬೇಕು ಅನ್ನೋದು ನನ್ನ ಲೆಕ್ಕ. ಅಗ್ಗ ಅಂದರೆ ಏನು ಅಂತ ಕೇಳಿದ್ದರೆ ಥಟ್ ಅಂತ ಹೇಳ್ತಿದ್ದೆ: ಪಿಇ ಕಮ್ಮಿ ಇರೋದು.

ಪಿಇ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಷೇರಿನ ಬೆಲೆಯನ್ನ, ಆ ಒಂದು ಷೇರಿನ ಪಾಲಿಗೆ ಬರೋ ವರ್ಷದ ಲಾಭದಿಂದ ಭಾಗಿಸಿದರೆ ಬರೋ ಸಂಖ್ಯೆ ಅದು. 100 ರೂಪಾಯಿ ಷೇರು, ಅದರ ಪಾಲಿನ ಲಾಭ 10 ರೂಪಾಯಿ ಆದರೆ ಪಿಇ 10. ಎತ್ತಿಗೆ ಕೊಟ್ಟ ದುಡ್ಡು ಎಷ್ಟು ವರ್ಷದ ಉಳುಮೇಲಿ ವಾಪಸ್ ಬರುತ್ತೆ ಅನ್ನೋ ಥರದ ಲೆಕ್ಕ. ತಪ್ಪೇನಿಲ್ಲ. ಆದರೆ ಎತ್ತು ಅಷ್ಟು ವರ್ಷ ಬದುಕಿರುತ್ತಾ ಅನ್ನೋದನ್ನ ಈ ಸಂಖ್ಯೆ ಹೇಳಲ್ಲ.

ಒಳ್ಳೆ ಕಂಪನಿ ಅಗ್ಗಕ್ಕೆ ಸಿಕ್ಕ ಸಂದರ್ಭಗಳನ್ನ ನಮ್ಮ ದೇಶದ ಇತಿಹಾಸದಲ್ಲಿ ಹುಡುಕ್ತಾ ಹೋದರೆ, ಒಂದೊಂದು ಸಲವೂ ಆ ಅಗ್ಗಕ್ಕೆ ಒಂದು ಕಾರಣ ಇರೋದು ಕಾಣುತ್ತೆ. 1970ರ ದಶಕದಲ್ಲಿ ಆ ಕಾರಣ ಸರ್ಕಾರದ ಕಾನೂನೇ ಆಗಿತ್ತು. 1973ರಲ್ಲಿ ಫೆರಾ, ಅಂದರೆ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಂತು. ಇಲ್ಲಿ ವ್ಯಾಪಾರ ಮಾಡ್ತಿದ್ದ ಬಹುತೇಕ ವಿದೇಶಿ ಕಂಪನಿಗಳು ತಮ್ಮ ಪಾಲನ್ನ ಶೇ. 40ಕ್ಕೆ ಇಳಿಸಬೇಕು, ಉಳಿದದ್ದು ಭಾರತೀಯರಿಗೆ ಬಿಡಬೇಕು ಅನ್ನೋ ಒತ್ತಡ. ಕೋಕಾ-ಕೋಲಾ, ಐಬಿಎಂ ಒಪ್ಪದೆ 1977-78ರಲ್ಲಿ ಗಂಟುಮೂಟೆ ಕಟ್ಟಿದವು. ಉಳಿದವು ಷೇರು ಮಾರಿದವು. ಯಾವ ಬೆಲೆಗೆ? ಅದನ್ನ ಕಂಪನಿ ತೀರ್ಮಾನ ಮಾಡೋ ಹಾಗಿರಲಿಲ್ಲ. 1947ರ ಕಾಯ್ದೆಯೊಂದರ ಪ್ರಕಾರ ದೆಹಲಿಯಲ್ಲಿ ಒಬ್ಬ ನಿಯಂತ್ರಕರು ಕೂತು ಹಳೇ ಲೆಕ್ಕಪತ್ರ ನೋಡಿ ಬೆಲೆ ಕಟ್ಟೋರು. ಆ ಸೂತ್ರದಲ್ಲಿ ಬ್ರ್ಯಾಂಡಿಗೆ, ಮುಂದಿನ ಬೆಳವಣಿಗೆಗೆ ಹೆಚ್ಚೇನೂ ಬೆಲೆ ಇರಲಿಲ್ಲ. ಕೋಲ್ಗೇಟ್ 1978ರಲ್ಲಿ ಹೀಗೆ ಜನರ ಕೈಗೆ ಬಂತು. ಆಗ ಅರ್ಜಿ ಹಾಕಿ ತಗೊಂಡು ಬೀರುವಲ್ಲಿಟ್ಟು ಮರೆತ ಗುಮಾಸ್ತರ, ಮೇಷ್ಟ್ರುಗಳ ಮಕ್ಕಳು ಮುಂದೆ ಆ ಕಾಗದ ನೋಡಿ ಕಣ್ಣರಳಿಸಿದ ಕತೆಗಳನ್ನ ನೀವೂ ಕೇಳಿರ್ತೀರಿ.

ನಮ್ಮನೇಲಿ ಮಾತ್ರ ಆಗ ಕೋಲ್ಗೇಟ್ ಇರಲಿಲ್ಲ ಬಿಡಿ. ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯದ್ದು. ಅದೂ ಹೆಸರಿರೋ ಒಳ್ಳೆ ಸಂಸ್ಥೆನೇ, ಆದರೆ ಅದರ ಷೇರು ಪೇಟೇಲಿ ಸಿಗಲ್ಲ. ಒಳ್ಳೇದೆಲ್ಲ ಮಾರಾಟಕ್ಕೆ ಇರಬೇಕು ಅಂತೇನಿಲ್ಲವಲ್ಲ.

ನಿಯಂತ್ರಕರ ಕಚೇರಿ 1992ರಲ್ಲಿ ಮುಚ್ಚಿತು. ಬೆಲೆ ಕಟ್ಟೋ ಸ್ವಾತಂತ್ರ್ಯ ಕಂಪನಿಗಳಿಗೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಯಂತೆ ಷೇರು ಬಿಟ್ಟಾಗ ಪೂರ್ತಿ ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ಶೇ. 13ರಷ್ಟು ಪಾಲು ತಗೊಂಡಿತು. ಜೂನಲ್ಲಿ ಪೇಟೆಗೆ ಬಂದಾಗ ಷೇರು 145 ರೂಪಾಯಿಗೆ ಶುರುವಾಯಿತು. ಇಲ್ಲಿ ಅಗ್ಗಕ್ಕೆ ಕಾರಣ ಕಾನೂನಲ್ಲ, ಅಜ್ಞಾನ. ಕಾರ್ಖಾನೆ ಇಲ್ಲ, ಯಂತ್ರ ಇಲ್ಲ, ಕಂಪ್ಯೂಟರ್ ಮುಂದೆ ಕೂತಿರೋ ಹುಡುಗರು ಇಂಥ ಕಂಪನಿಯ ಆಸ್ತಿ ಹೇಗಾಗ್ತಾರೆ ಅಂತ ಬಹಳ ಜನರಿಗೆ ಅರ್ಥ ಆಗಲಿಲ್ಲ. ಇವತ್ತು ಅದೇ ಹುಡುಗರ ಸಾಲಲ್ಲಿ ಕೂತು ನಾನು ಇದನ್ನ ಬರೀತಿದ್ದೀನಿ.

ಮೂರನೇ ಕಾರಣ ಭಯ. ಅದು ನಮ್ಮ ತಾಲ್ಲೂಕಿಗೇ ಬಂತು.

ನೆಸ್ಲೆ ಸ್ವಿಟ್ಜರ್ಲೆಂಡಿನದು. 1912ರಿಂದಲೇ ಭಾರತಕ್ಕೆ ಡಬ್ಬಿ ಹಾಲು ತಂದು ಮಾರ್ತಿತ್ತು. ಇಲ್ಲಿನ ಕಂಪನಿ ಹುಟ್ಟಿದ್ದು 1959ರಲ್ಲಿ, ಮೊದಲ ಕಾರ್ಖಾನೆ 1961ರಲ್ಲಿ ಪಂಜಾಬಿನ ಮೋಗಾದಲ್ಲಿ. ನಂಜನಗೂಡಿನ ಕಾರ್ಖಾನೆ ಬಂದಿದ್ದು 1989ರಲ್ಲಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಹತ್ತಿರ, ಮೈಸೂರು ಹತ್ತಿರ, ಕಪಿಲೆಯ ನೀರು ಹತ್ತಿರ. ನೆಸ್‌ಕೆಫೆ ಜೊತೆಗೆ ಮ್ಯಾಗಿಯೂ ಅಲ್ಲಿ ತಯಾರಾಗ್ತಿತ್ತು. ನಮ್ಮ ಕಡೆಯವರಿಗೆ ಅದು ಷೇರು ಕಂಪನಿ ಅಲ್ಲ, ಫ್ಯಾಕ್ಟರಿ. ಅಲ್ಲಿ ಕೆಲಸ ಸಿಕ್ಕರೆ ಹೆಣ್ಣು ಕೊಡ್ತಾರೆ, ಅಷ್ಟೆ ನಮಗೆ ಗೊತ್ತಿದ್ದ ವ್ಯಾಲ್ಯುಯೇಷನ್ನು.

2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಆಹಾರ ಇಲಾಖೆಯವರು ತೆಗೆದ ಮ್ಯಾಗಿ ಮಾದರಿ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೋಗಿ, 2015ರ ಬೇಸಿಗೇಲಿ ಕೋಲ್ಕತ್ತದ ವರದಿ ಬಂತು: ಸೀಸ 17.2 ಪಿಪಿಎಂ, ಇರಬೇಕಾದ ಮಿತಿ 2.5. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಲ್ಲ ಬಗೆಯ ಮ್ಯಾಗಿ ನೂಡಲ್ಸನ್ನ ವಾಪಸ್ ತರಿಸಲು ಆದೇಶ ಮಾಡಿತು. ದೇಶದ ಮೂಲೆಮೂಲೆಯ ಅಂಗಡಿಗಳಿಂದ ವಾಪಸ್ ಬಂದ ಪೊಟ್ಟಣಗಳು 30 ಸಾವಿರ ಟನ್ನಿಗೂ ಹೆಚ್ಚು. ಅವನ್ನ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹಾಕಿ ಸುಟ್ಟರು. ಜೂನ್ ತ್ರೈಮಾಸಿಕದಲ್ಲಿ ಕಂಪನಿಗೆ 64 ಕೋಟಿ ನಷ್ಟ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಸುಮಾರು 288 ಕೋಟಿ ಲಾಭ ಇತ್ತು. 7,000ದ ಆಸುಪಾಸಿನಲ್ಲಿದ್ದ ಷೇರು ಜೂನಲ್ಲೇ 6,000ಕ್ಕಿಂತ ಕೆಳಗೆ ಬಂತು.

ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟ್ ನಿಷೇಧದ ಆದೇಶ ರದ್ದು ಮಾಡಿ, ಜೈಪುರ, ಹೈದರಾಬಾದ್, ಮೊಹಾಲಿಯ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಹೇಳಿತು. ಅಕ್ಟೋಬರಲ್ಲಿ ಮೂರೂ ಕಡೆ ಸೀಸ ಮಿತಿಯೊಳಗೇ ಇದೆ ಅಂತ ಬಂತು. ಅದೇ ತಿಂಗಳ ಕೊನೇಲಿ ಮೂರು ಕಾರ್ಖಾನೆಗಳಲ್ಲಿ ಮ್ಯಾಗಿ ತಯಾರಿಕೆ ಮತ್ತೆ ಶುರು: ಮೋಗಾ, ಗೋವಾದ ಬಿಚೋಲಿಮ್, ಮತ್ತೆ ನಮ್ಮ ನಂಜನಗೂಡು. ನವೆಂಬರ್ 9ಕ್ಕೆ, ದೀಪಾವಳಿ ಹೊತ್ತಿಗೆ, ಪೊಟ್ಟಣ ಅಂಗಡಿಗೆ ಬಂತು.

ಈ ಇಡೀ ಕತೇಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸೋದು ಒಂದು ಸಂಖ್ಯೆ. 2014ರಲ್ಲಿ ನೆಸ್ಲೆ ಇಂಡಿಯಾದ ಲಾಭ ಸುಮಾರು 1,185 ಕೋಟಿ, ಒಂದು ಷೇರಿನ ಪಾಲಿಗೆ ಸುಮಾರು 123 ರೂಪಾಯಿ. 2015ರಲ್ಲಿ ಲಾಭ 563 ಕೋಟಿಗೆ ಇಳೀತು, ಷೇರಿಗೆ ಸುಮಾರು 58. 2016ರ ಆರಂಭದಲ್ಲಿ ಇಡೀ ಪೇಟೆ ಕುಸಿದಾಗ ಈ ಷೇರೂ ಐದು ಸಾವಿರದ ಚಿಲ್ಲರೆಗೆ ಬಂದಿತ್ತು. ಅಂದರೆ ಮ್ಯಾಗಿ ಅಂಗಡಿಗೆ ವಾಪಸ್ ಬಂದ ಮೇಲೂ ಹಿಂದಿಗಿಂತ ಅಗ್ಗ. ಆಗ ಪಿಇ ಎಷ್ಟು? 90ರ ಹತ್ತಿರ!

ಬೆಲೆ ಅತ್ಯಂತ ಕೆಳಗಿದ್ದ ಹೊತ್ತಲ್ಲಿ ನನ್ನ ಅಳತೆಗೋಲು "ದೇಶದಲ್ಲೇ ದುಬಾರಿ ಷೇರುಗಳಲ್ಲಿ ಒಂದು" ಅಂತ ತೋರಿಸ್ತಿತ್ತು. ಯಾಕೆ ಅಂದರೆ ಕೆಳಗಿನ ಸಂಖ್ಯೆ, ಆ ವರ್ಷದ ಲಾಭ, ಸುಟ್ಟ ಮ್ಯಾಗಿಯ ಲೆಕ್ಕ ಹೊತ್ತು ಸೊರಗಿತ್ತು. ಆ ಬೆಲೆಯನ್ನ ಹಿಂದಿನ ವರ್ಷದ ಲಾಭಕ್ಕೆ ಹೋಲಿಸಿದ್ದರೆ 42 ಚಿಲ್ಲರೆ. ಅದೂ ಕಮ್ಮಿ ಅಲ್ಲ. ಆದರೆ ಕೇಳಬೇಕಿದ್ದ ಪ್ರಶ್ನೆ ಅದಲ್ಲ. ಐಕ ಇನ್ನೂ ಮ್ಯಾಗಿ ಕೇಳ್ತವಾ? ಅದಕ್ಕೆ ಉತ್ತರ ಸ್ಕ್ರೀನರ್‌ನಲ್ಲಿ ಇರಲಿಲ್ಲ. ಬಿಳಿಗೆರೆ ಅಂಗಡೀಲಿತ್ತು.

ಇದೇ ಕೆಲಸವನ್ನ ಐವತ್ತು ವರ್ಷ ಮುಂಚೆ ವಾರೆನ್ ಬಫೆಟ್ ಮಾಡಿದ್ದ. 1963ರಲ್ಲಿ ಅಮೆರಿಕದಲ್ಲಿ ಒಂದು ಅಡುಗೆ ಎಣ್ಣೆ ಹಗರಣ ಆಯ್ತು. ವ್ಯಾಪಾರಿಯೊಬ್ಬ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ನೀರು ತುಂಬಿಸಿ ಮೇಲೆ ಒಂದಿಷ್ಟು ಎಣ್ಣೆ ತೇಲಿಬಿಟ್ಟು, ಆ ಎಣ್ಣೆ ಮೇಲೆ ಸಾಲ ಎತ್ತಿದ್ದ. (ಡೈರಿಗೆ ಹಾಲು ಹಾಕೋ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.) ಎಣ್ಣೆ ಇದೆ ಅಂತ ರಸೀದಿ ಕೊಟ್ಟಿದ್ದು ಅಮೆರಿಕನ್ ಎಕ್ಸ್‌ಪ್ರೆಸ್‌ನ ಅಂಗಸಂಸ್ಥೆ. ಕಂಪನಿ ಮುಳುಗಿತು ಅಂತ ಸುದ್ದಿ ಆಗಿ 60 ಡಾಲರ್ ಆಸುಪಾಸಿನ ಷೇರು 35ಕ್ಕೆ ಬಂತು. ಬಫೆಟ್ ತನ್ನೂರು ಒಮಾಹಾದ ಹೋಟೆಲುಗಳಿಗೆ ಹೋಗಿ, ಗಲ್ಲಾದ ಹತ್ತಿರ ಕೂತು, ಜನ ಇನ್ನೂ ಆ ಕಂಪನಿಯ ಕಾರ್ಡು ಕೊಡ್ತಿದ್ದಾರಾ ಅಂತ ನೋಡಿದ. ಕೊಡ್ತಿದ್ದರು. ತನ್ನ ಪಾಲುದಾರಿಕೆಯ ಬಂಡವಾಳದಲ್ಲಿ ಶೇ. 40ರಷ್ಟನ್ನ ಆ ಒಂದು ಷೇರಿಗೆ ಹಾಕಿದ. ಈ ಕತೆ ನಾನು ಓದಿದ್ದ ಆ ಎರಡು ಪುಸ್ತಕಗಳಲ್ಲಿ ಒಂದರಲ್ಲಿತ್ತು. ಓದಿದ್ದೆ, ಅಡಿಗೆರೆ ಕೂಡ ಎಳೆದಿದ್ದೆ. ಅಂಗಡಿ ಮುಂದೆ ನಿಂತಾಗ ಒಂದಕ್ಕೊಂದು ಸೇರಲಿಲ್ಲ.

ಆ ಸೆಪ್ಟೆಂಬರಲ್ಲಿ ನಾನು ತಗೊಂಡಿದ್ದು ಒಂದು ರಸ್ತೆ-ಸೇತುವೆ ಗುತ್ತಿಗೆ ಕಂಪನಿ. ಹೆಸರು ಬೇಡ. ಪಿಇ 5. ಎರಡು ಲಕ್ಷವೂ ಅದಕ್ಕೇ. ಲಾಭಕ್ಕೆ ಹೋಲಿಸಿದರೆ ಅಷ್ಟು ಅಗ್ಗ ಯಾಕಿದೆ ಅಂತ ನಾನು ಕೇಳಲೇ ಇಲ್ಲ, ಪೇಟೆಯವರಿಗೆ ಬುದ್ಧಿ ಇಲ್ಲ ಅಂತ ಅಂದ್ಕೊಂಡೆ. ಕಾರಣ ವಾರ್ಷಿಕ ವರದೀಲೇ ಇತ್ತು. ಸಾಲ ಸ್ವಂತ ಬಂಡವಾಳದ ಹಲವು ಪಟ್ಟು. ಮಾಲೀಕರ ಷೇರುಗಳಲ್ಲಿ ಮುಕ್ಕಾಲು ಪಾಲು ಅಡವಿಗೆ ಹೋಗಿತ್ತು. ಲಾಭ ಕಾಗದದ ಮೇಲಿತ್ತು, ದುಡ್ಡು ಗಿರಾಕಿಗಳಿಂದ ಬಂದಿರಲಿಲ್ಲ. ಅಂದರೆ ಪಿಇಯ ಕೆಳಗಿನ ಸಂಖ್ಯೆಯೇ ಬೆಂಡು. ನೆಸ್ಲೆಯಲ್ಲಿ ಅದು ತಾತ್ಕಾಲಿಕವಾಗಿ ಕುಗ್ಗಿತ್ತು, ಇಲ್ಲಿ ತಾತ್ಕಾಲಿಕವಾಗಿ ಉಬ್ಬಿತ್ತು. ನಾನು ಎರಡನ್ನೂ ಒಂದೇ ತಕ್ಕಡೀಲಿ ತೂಗಿದ್ದೆ.

ಅಪ್ಪ ಎತ್ತು ತರೋ ಹಾಗೆ ನಾನು ಷೇರು ತಗೊಂಡಿದ್ದರೆ ಹೀಗಾಗ್ತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಮುಡುಕುತೊರೆ ಜಾತ್ರೆಗೆ ಹೋಗ್ತಿದ್ದೆ. ಬೆಲೆ ಮಾತು ಕೊನೇಲಿ, ಟವಲ್ ಕೆಳಗೆ, ಬೆರಳಲ್ಲಿ. ಅದಕ್ಕೆ ಮುಂಚೆ ಅರ್ಧ ದಿನ ಹಲ್ಲು, ಗೊರಸು, ಸುಳಿ, ನಡಿಗೆ. ಆಮೇಲೆ ಮಾರೋನ ಊರಿನವರನ್ನ ಹುಡುಕಿ, ಬೀಡಿ ಕೊಟ್ಟು, "ಯಾಕ್ ಮಾರ್ತಾವ್ನೆ ಅವ?" ಅಂತ ವಿಚಾರಣೆ. ಮೇವಿಲ್ಲ ಅಂತ ಮಾರ್ತಿದ್ದರೆ, ಮಗಳ ಮದುವೆ ಅಂತ ಮಾರ್ತಿದ್ದರೆ, ಅಪ್ಪ ಮುಂದುವರಿಯೋರು. ಎತ್ತಿನದೇ ಐಬು ಅಂತ ಗೊತ್ತಾದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ. ಮಳೆ ಕೈಕೊಟ್ಟ ವರ್ಷ ಒಳ್ಳೆ ಹಳ್ಳಿಕಾರ್ ಜೋಡಿ ಹೇಗೆ ಅಗ್ಗಕ್ಕೆ ಬರುತ್ತೆ, ಅದನ್ನ ಹಿಡಿಯೋಕೆ ಮನೇಲಿ ಹುಲ್ಲಿನ ಮೆದೆ ಇರಬೇಕು ಅನ್ನೋದೆಲ್ಲ ಅಪ್ಪನಿಗೆ ಗೊತ್ತಿತ್ತು. ನಾನು ಮಗನಾಗಿ ಜಿಲೇಬಿ ತಿಂದು ಬಂದೆ.

ಒಳ್ಳೆ ಕಂಪನಿ ಅಂದರೆ ಏನು ಅನ್ನೋದಕ್ಕೂ ನಮ್ಮ ತಾಲ್ಲೂಕಲ್ಲೇ ಹೋಲಿಕೆ ಇದೆ. ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ, ಅದರ ಷೇರೂ ಪೇಟೇಲಿದೆ. ಅಲ್ಲೂ ಶ್ರದ್ಧೆಯಿಂದ ಕೆಲಸ ನಡೆಯುತ್ತೆ. ಆದರೆ ಸಕ್ಕರೆ ವ್ಯಾಪಾರದ ಹಣೆಬರಹವೇ ಬೇರೆ. ಕಬ್ಬಿಗೆ ಕನಿಷ್ಠ ಎಷ್ಟು ಕೊಡಬೇಕು ಅಂತ ಕೇಂದ್ರ ಸರ್ಕಾರ ಹೇಳುತ್ತೆ. ಸಕ್ಕರೆಯನ್ನ ಕಿಲೋಗೆ ಎಷ್ಟಕ್ಕಿಂತ ಕಮ್ಮಿ ಮಾರಬಾರದು ಅಂತಲೂ ಹೇಳುತ್ತೆ. 2018ರಲ್ಲಿ 29 ರೂಪಾಯಿ, 2019ರಲ್ಲಿ 31. ತಿಂಗಳಿಗೆ ಎಷ್ಟು ಮಾರಬೇಕು ಅನ್ನೋದೂ ದೆಹಲಿಯಿಂದಲೇ. ಮಳೆ ಬಂದರೆ ಕಬ್ಬು ಹೆಚ್ಚಾಗಿ ಸಕ್ಕರೆ ಬೆಲೆ ಬೀಳುತ್ತೆ, ಮಳೆ ಹೋದರೆ ಕಬ್ಬೇ ಇರಲ್ಲ. ಇಂಥ ವ್ಯಾಪಾರದ ಷೇರಿಗೆ ಪಿಇ ಕಮ್ಮಿ ಇರೋದು ಪೇಟೆಯ ದಡ್ಡತನ ಅಲ್ಲ. ಮ್ಯಾಗಿಯ ಮಾತು ಹಾಗಲ್ಲ. 2022ರಲ್ಲಿ 70 ಗ್ರಾಂ ಪೊಟ್ಟಣ 12 ರೂಪಾಯಿಂದ 14ಕ್ಕೆ ಹೋಯ್ತು. ಯಾವ ಮಂತ್ರಿಯ ಅಪ್ಪಣೆಯೂ ಬೇಕಾಗಲಿಲ್ಲ, ನಮ್ಮೂರ ಐಕಳೂ ಬಿಡಲಿಲ್ಲ. ಕಬ್ಬು ಬೆಳೆಯೋ ರೈತನ ಮಗನಾಗಿ ಇದು ನನಗೆ ಹೊಟ್ಟೆ ಉರಿಸೋ ವಿಷಯವೇ. ತಾನು ಬೆಳೆದಿದ್ದಕ್ಕೆ ತಾನೇ ಬೆಲೆ ಹೇಳೋ ಯೋಗ ನಮ್ಮಪ್ಪನಿಗೂ ಬರಲಿಲ್ಲ, ಆ ಕಾರ್ಖಾನೆಗೂ ಇಲ್ಲ.

ಹಾಗಂತ "ಒಳ್ಳೆ ಕಂಪನಿ ತಗೊಂಡು ಕಣ್ಮುಚ್ಚಿ ಕೂರಿ" ಅನ್ನೋ ಈಗಿನ ಯೂಟ್ಯೂಬ್ ಉಪದೇಶವನ್ನೂ ನಾನು ನಂಬಲ್ಲ. ನೆಸ್ಲೆಯದೇ ಮುಂದಿನ ಕತೆ ನೋಡಿ. 2022ರಲ್ಲಿ ಲಾಭ ಸುಮಾರು 2,391 ಕೋಟಿ, ಅಂದರೆ 2014ರ ಎರಡು ಪಟ್ಟು. ಷೇರು ಬೆಲೆ ಆ ವರ್ಷದ ಕೊನೇಲಿ 19 ಸಾವಿರ ದಾಟಿತ್ತು, ಅಂದರೆ 2016ರ ಆರಂಭದ ಬೆಲೆಯ ಮೂರೂವರೆ ಪಟ್ಟಿಗೂ ಮೇಲೆ. ಹೆಚ್ಚುವರಿ ಎಲ್ಲಿಂದ ಬಂತು? ಜನರ ಭಯ ಹೋಗಿ ಆ ಜಾಗಕ್ಕೆ ಭಕ್ತಿ ಬಂದಿತ್ತು. 2024ರ ಜನವರಿಯಲ್ಲಿ ಒಂದು ಷೇರನ್ನ ಹತ್ತು ಮಾಡಿದರು. ಆಗ 2,600 ಆಸುಪಾಸಿದ್ದದ್ದು ಆ ವರ್ಷ ಮುಗಿಯೋ ಹೊತ್ತಿಗೆ 2,200ರ ಹತ್ತಿರ. ಕಾರ್ಖಾನೆ ಅದೇ, ಮ್ಯಾಗಿ ಅದೇ, ಯಾರೂ ಏನೂ ಸುಟ್ಟಿರಲಿಲ್ಲ. ಬೆಲೆ ಮಾತ್ರ ಮುಂಚೆಯೇ ಎಲ್ಲ ಒಳ್ಳೆಯದನ್ನೂ ಎಣಿಸಿಕೊಂಡಿತ್ತು. 2024ರಲ್ಲಿ ಭಕ್ತಿಯಿಂದ ಕೊಂಡವನಿಗೂ 2015ರಲ್ಲಿ ಹೆದರಿ ಮಾರಿದವನಿಗೂ ದುಡ್ಡು ಕಳೆದುಕೊಟ್ಟಿದ್ದು ಒಂದೇ ಕಂಪನಿ.

ಸುಟ್ಟ ಮ್ಯಾಗಿಯ ವ್ಯಾಜ್ಯ ಕೂಡ ಅದೇ ವರ್ಷ ಒಂದು ಹಂತಕ್ಕೆ ಬಂತು. ಸರ್ಕಾರ 2015ರಲ್ಲಿ ಕೇಳಿದ್ದ 640 ಕೋಟಿ ಪರಿಹಾರದ ದೂರನ್ನ ರಾಷ್ಟ್ರೀಯ ಗ್ರಾಹಕ ಆಯೋಗ 2024ರ ಏಪ್ರಿಲಲ್ಲಿ ವಜಾ ಮಾಡಿತು. ಅಷ್ಟು ಹೊತ್ತಿಗೆ ಅದು ಪತ್ರಿಕೆಯ ಒಳಪುಟದ ಸುದ್ದಿ.

ನನ್ನ ಸೇತುವೆ ಕಂಪನಿ 2018ರಲ್ಲಿ ದಿವಾಳಿ ನ್ಯಾಯಮಂಡಳಿಗೆ ಹೋಯ್ತು. 2016ರ ದಿವಾಳಿ ಸಂಹಿತೆಯಲ್ಲಿ ದುಡ್ಡು ಹಂಚೋ ಸರದಿ ಇದೆ. ಬ್ಯಾಂಕುಗಳು, ಕಾರ್ಮಿಕರು, ಉಳಿದ ಸಾಲಗಾರರು, ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಷೇರುದಾರರು. ಮದುವೆ ಊಟದಲ್ಲಿ ಕೊನೇ ಪಂಕ್ತಿಗೆ ಕೂತ ಹಾಗೆ, ಎಲೆ ಇರುತ್ತೆ, ಪಾಯಸ ಇರಲ್ಲ. ನನಗೆ ಎಲೆಯೂ ಸಿಗಲಿಲ್ಲ. ಅದೇ ವರ್ಷ ತಂಗಿ ಮದುವೆ. ಪರ್ಸನಲ್ ಲೋನ್ ತಗೊಂಡು ಛತ್ರ, ಊಟ ಮುಗಿಸಿದೆ. 40 ಗ್ರಾಂ ಸರ ಅಂತ ಮಾತಾಗಿದ್ದು 20 ಗ್ರಾಂ ಆಯ್ತು. "ಚಿನ್ನದ ರೇಟು ಏರಿಬಿಟ್ಟಿದೆ ಪುಟ್ಟಿ, ಮುಂದಿನ ವರ್ಷ ಮಾಡಿಸ್ಕೊಡ್ತೀನಿ" ಅಂದೆ. ಅವಳು ನಂಬಿದಳು. ಆಗ ಗ್ರಾಂ ಮೂರು ಸಾವಿರದ ಸುತ್ತ ಇತ್ತು. ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಮೊಬೈಲಲ್ಲಿ ಡಿಮ್ಯಾಟ್ ಖಾತೆ ತೆರೆದು ತೋರಿಸಿದೆ. ಆ ಷೇರುಗಳು ಇವತ್ತಿಗೂ ಅಲ್ಲೇ ಬಿದ್ದಿವೆ, ವಹಿವಾಟು ನಿಂತಿದೆ, ಮಾರೋಕೂ ಬರಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. ಬಯ್ತಾರೆ ಅಂದ್ಕೊಂಡಿದ್ದೆ.

"ಅವ್ಳಿಗೇಳ್ದಾ?" ಅಂದರು.

"ಇಲ್ಲ."

"ಜಾತ್ರೆಗೆ ಬತ್ತಳೆ ಕನ. ಆಗ ಏಳು." ಅಂತ ಹೇಳಿ ಮೊಬೈಲ್ ವಾಪಸ್ ಕೊಟ್ಟು, ದನಕ್ಕೆ ಹುಲ್ಲು ಹಾಕೋಕೆ ಎದ್ದರು.

ಜಾತ್ರೆಗೆ ಅವಳು ಬಂದಿದ್ದಳು. ನನಗೆ ರಿಲೀಸ್ ಇತ್ತು, ಹೋಗಲಿಲ್ಲ.